ಕೆರೆಯಂಚಿನ ಕೆಂಪು ಮರಳು

"ನೋಡು ಚಿಕ್ಕಮ್ಮ, ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಸಿಗದೇ ಇದ್ದಾಗ ನೀನೇನ್ಮಾಡ್ತೀಯ? ಗುಂಡಿ ತಿರುಗಿಸಿ ಸೌಂಡ್ ಜಾಸ್ತಿ ಮಾಡ್ತೀಯ. ಹಾಡೂ ಜೋರಾಗುತ್ತೆ, ಅದರ ಜೊತೆ ಗೊರಗೊರ ಅನ್ನೋದೂ ಜೋರಾಗುತ್ತೆ. ಕ್ಯಾಮೆರಾನೂ ಅಷ್ಟೆ. ಮುಸ್ಸಂಜೆ ಹೊತ್ತಲ್ಲಿ ಬೆಳಕು ಸಾಲಲ್ಲ. ಆಗ ಐಎಸ್‌ಓ ಅಂತ ಒಂದಿದೆ, ಅದನ್ನ ಏರಿಸ್ತಾರೆ. ಇರೋ ಚೂರು ಬೆಳಕನ್ನೇ ಅದು ಎಳೆದೂ ಎಳೆದೂ ದೊಡ್ಡದು ಮಾಡುತ್ತೆ. ಬೆಟ್ಟ ಕಾಣ್ಸುತ್ತೆ, ನೀರು ಕಾಣ್ಸುತ್ತೆ, ಆದ್ರೆ ಅದರ ಮೇಲೆಲ್ಲಾ ಯಾರೋ ಮರಳು ಎರಚಿದ ಹಾಗಿರುತ್ತೆ. ಆ ಮರಳು ತೆಗೆಯೋದೇ ನನ್ನ ಹೊಟ್ಟೆಪಾಡು. ಮರಳಲ್ಲೂ ಎರಡು ಜಾತಿ. ಒಂದು ಕಪ್ಪುಬಿಳುಪಿಂದು. ಅದು ಪಾಪದ್ದು, ಒಂಚೂರು ಉಳಿದ್ರೂ ಚೆಂದವೇ. ಇನ್ನೊಂದು ಬಣ್ಣದ್ದು. ಕೆಂಪು, ಹಸಿರು, ನೇರಳೆ. ಕತ್ತಲಿರೋ ಕಡೆ ಹೋಗಿ ಸೇರ್ಕೊಳ್ಳುತ್ತೆ, ತಿಗಣೆ ಹಾಗೆ. ಅದನ್ನ ಕಂಡ್ರೆ ನಂಗಾಗಲ್ಲ. ಪೂರ್ತಿ ಉಜ್ಜಿದ್ರೆ ಬೆಟ್ಟ ಮೇಣದ ಮುದ್ದೆ ಆಗುತ್ತೆ, ಉಜ್ಜದೇ ಬಿಟ್ರೆ ಗಿರಾಕಿ ಮುಖ ಸಿಂಡರಿಸ್ತಾನೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಕಸುಬು. ಒಂದು ಮಾತು ಮಾತ್ರ ನಾನು ಬಿಟ್ಟುಕೊಡಲ್ಲ. ಇರೋದನ್ನ ತೆಗೀಬಾರ್ದು, ಇಲ್ಲದ್ದನ್ನ ಇಡಬಾರ್ದು."

ಇದು ನನ್ನ ಅಕ್ಕನ ಮಗನ ಮಾತು. ಬೀದಿಯವರೆಲ್ಲ ಅವನನ್ನು ಜರಡಿ ಎಂದೇ ಕರೆಯುತ್ತಾರೆ. ಫೋಟೋದಿಂದ ಮರಳು ಸೋಸುವವನು ಎಂದು ಹಾಲಿನವನು ಇಟ್ಟ ಹೆಸರು ಅದು; ಈಗ ಅಂಚೆಯವನೂ ಅದೇ ಹೆಸರು ಕೂಗುತ್ತಾನೆ. ಕಡೆಯ ಆ ಎರಡು ಮಾತುಗಳನ್ನು ಅವನು ಎಷ್ಟು ಸಲ ಹೇಳಿದ್ದಾನೋ. ಆಮೇಲೆ ಎರಡನ್ನೂ ಮುರಿದ. ಮೊದಲನೆಯದನ್ನು ಗೊತ್ತಿಲ್ಲದೆ, ಎರಡನೆಯದನ್ನು ಗೊತ್ತಿದ್ದೇ.

ಮೊದಲು ಅವನು ಪೇಟೆಯ ಒಂದು ಸ್ಟುಡಿಯೋದಲ್ಲಿದ್ದ. ಗುರುತಿನ ಚೀಟಿಗೆ ಫೋಟೋ ತೆಗೆಯುವುದು. "ಕಿವಿ ಕಾಣ್ಲಿ, ನಗಬೇಡಿ" ಎನ್ನುತ್ತಲೇ ಅರ್ಧ ಆಯಸ್ಸು ಕಳೆದ. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋ ಬಾಗಿಲು ಮುಚ್ಚಿತು. ಕಂಪ್ಯೂಟರನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದ. ನನ್ನದು ಎರಡೇ ಕೋಣೆ. ಬೀದಿ ಕಡೆಯದನ್ನು ಅವನಿಗೆ ಬಿಟ್ಟುಕೊಟ್ಟೆ. ಬಂದವನೇ ಗೋಡೆಗೆಲ್ಲ ಬೂದಿ ಬಣ್ಣ ಬಳಿದ. ಗೋಡೆ ಹಳದಿಯಾಗಿದ್ದರೆ ಕಣ್ಣು ಮೋಸ ಹೋಗುತ್ತದಂತೆ. ಕಿಟಕಿಗೆ ಕರಿಬಟ್ಟೆ ಕಟ್ಟಿದ. ಕಂಪ್ಯೂಟರಿನ ತೆರೆಯ ಸುತ್ತ ಬೆಳಕು ಬೀಳದ ಹಾಗೆ ರಟ್ಟಿನ ಮಾಡು ಮಾಡಿ ಅಂಟಿಸಿದ. ಕೈ ಮುರಿದ ಕುರ್ಚಿಗೆ ಬಟ್ಟೆ ಸುತ್ತಿ ಕೂತ. ಅಂದಿನಿಂದ ಬೆಟ್ಟ ಹತ್ತುವವರು, ಕ್ಯಾಲೆಂಡರ್ ಅಚ್ಚು ಹಾಕುವವರು, ವಸತಿಗೃಹ ಇಟ್ಟವರು, ಹೀಗೆ ಯಾರ್ಯಾರೋ ಕತ್ತಲಲ್ಲಿ ಕೆಡಿಸಿಕೊಂಡ ಬೆಟ್ಟ, ಕಾಡು, ನೀರಿನ ಚಿತ್ರಗಳನ್ನು ತಂದು ಅವನ ಮುಂದೆ ಸುರಿಯುತ್ತಾರೆ. ಮದುವೆಯ ಮಾತೆತ್ತಿದರೆ, "ನನ್ನನ್ನ ಅಷ್ಟು ಹತ್ರದಿಂದ ನೋಡಿದ್ರೆ ಬರೀ ಮರಳೇ ಚಿಕ್ಕಮ್ಮ" ಎಂದು ನಗುತ್ತಾನೆ.

ನಾನು ಬಟ್ಟೆ ರಿಪೇರಿ ಮಾಡುವವಳು. ಗುಂಡಿ, ಮಡಿಕೆ, ಹರಿದ ಮೊಣಕೈ. ಅವನ ಹಿಂದೆ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂರುತ್ತೇನೆ. ಅಲ್ಲಿ ಕೂರಲು ನನಗೊಂದು ಕಟ್ಟಳೆ ಇದೆ. ನನ್ನ ಕಿತ್ತಳೆ ಬಣ್ಣದ ಸ್ವೆಟರ್ ಹಾಕಿಕೊಳ್ಳುವ ಹಾಗಿಲ್ಲ. "ಅದನ್ನ ಬಿಚ್ಚಿಟ್ಟು ಬಾ, ಇಲ್ದಿದ್ರೆ ಬೆಟ್ಟಕ್ಕೆಲ್ಲಾ ಕಾಮಾಲೆ ಬರುತ್ತೆ" ಎನ್ನುತ್ತಾನೆ. ಕೆಲಸ ಮುಗಿಯುವ ಹೊತ್ತಿಗೆ ನನ್ನನ್ನು ಬಾಗಿಲಿಗೆ ನಿಲ್ಲಿಸಿ, "ದೂರದಿಂದ ಹೇಳು, ಏನಾದ್ರೂ ಚುಚ್ಚುತ್ತಾ?" ಎಂದು ಕೇಳುವುದು ಅವನ ಪದ್ಧತಿ. ಹತ್ತಿರದಿಂದ ನೋಡೀ ನೋಡೀ ಅವನ ಕಣ್ಣು ಸೋತಿರುತ್ತದೆ. ನನಗೆ ಏನಾದರೂ ಚುಚ್ಚಿದರೆ ಅವನು ಅಲ್ಲಿಗೆ ವಾಪಸ್ ಹೋಗಿ, ಮೂಲ ಚಿತ್ರ ತೆಗೆದು ಪಕ್ಕಕ್ಕಿಟ್ಟು ನೋಡುತ್ತಾನೆ. ಯಾವಾಗಲೂ ನೋಡುತ್ತಾನೆ. ಆ ಒಂದು ಸಲ ನೋಡಲಿಲ್ಲ.

ಹಿಂದಿನ ಬೀದಿಯಲ್ಲಿ ಬಸ್ ಡ್ರೈವರ್ ಒಬ್ಬರಿದ್ದಾರೆ. ಈಗ ನಿವೃತ್ತರು. ಬಸ್ಸು ಓಡಿಸುವಾಗಲೇ ಒಂದು ಕ್ಯಾಮೆರಾ ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕ ಗುಡ್ಡ, ಸೇತುವೆ, ಕೆರೆ ಎಲ್ಲದರ ಫೋಟೋ ತೆಗೆದವರು. ಅವರ ಹೆಂಡತಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಆಮೇಲೆ ಅವರು ಬೀದಿಗೆ ಬರುವುದೇ ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ಕನ್ನಡಕದ ಡಬ್ಬಿ ಹಿಡಿದುಕೊಂಡು ಬಂದರು. ಅದರೊಳಗೆ ಕನ್ನಡಕವಿರಲಿಲ್ಲ, ಹತ್ತಿಯಲ್ಲಿ ಸುತ್ತಿದ ಮೆಮೊರಿ ಕಾರ್ಡಿತ್ತು.

"ಇದರಲ್ಲಿ ಕಡೇದಾಗಿ ಒಂದು ಕೆರೆ ಇದೆ ನೋಡು. ಅದನ್ನ ಎಷ್ಟು ದೊಡ್ಡದು ಮಾಡಕ್ಕಾಗುತ್ತೋ ಅಷ್ಟು ದೊಡ್ಡದು ಮಾಡಯ್ಯ."

ಜರಡಿ ತೆರೆದು ನೋಡಿದ. ಕತ್ತಲಿಗೆ ತಿರುಗುತ್ತಿದ್ದ ಕೆರೆ, ಆಚೆ ದಡದಲ್ಲಿ ಗುಡ್ಡ, ಈಚೆ ಎಡಗಡೆ ಜೊಂಡು. ಎಲ್ಲದರ ಮೇಲೂ ಮರಳೋ ಮರಳು.

"ಅಣ್ಣ, ದೊಡ್ಡದು ಮಾಡಿದ್ರೆ ಇದರ ಮರಳೂ ದೊಡ್ಡದಾಗುತ್ತೆ. ಸ್ಟ್ಯಾಂಡ್ ಇಲ್ದೇ ಕೈಯಲ್ಲೇ ಹಿಡಿದು ತೆಗೆದಿದೀರ. ಐಎಸ್‌ಓ ಆಕಾಶಕ್ಕೆ ಹೋಗಿದೆ."

"ಲೈಟ್ ಕೆಟ್ಟ ಬಸ್ಸನ್ನ ಬೆಟ್ಟದಿಂದ ಇಳಿಸಿದವನಯ್ಯ ನಾನು. ನೀನು ಕುರ್ಚಿ ಮೇಲೆ ಕೂತು ಮರಳು ಗುಡಿಸಕ್ಕೆ ಅಳ್ತೀಯಲ್ಲ."

"ಗುಡಿಸ್ತೀನಿ. ಧೂಳು ಎದ್ರೆ ಬೈಬೇಡಿ."

ಯಾಕೆ ಅಷ್ಟು ದೊಡ್ಡದು ಬೇಕು ಎಂದು ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಹೇಳಲು ಬಾಯಿ ತೆರೆದು ಮುಚ್ಚಿದ್ದನ್ನು ನಾನು ನೋಡಿದೆ. ಗೋಡೆ ಖಾಲಿ ಇರಬೇಕು ಎಂದುಕೊಂಡು ಸುಮ್ಮನಾದೆ.

ಆ ಚಿತ್ರದ ಮೇಲೆ ಜರಡಿ ಮೈಯೆಲ್ಲ ಕಣ್ಣಾಗಿ ಕೂತ. ಆಕಾಶವನ್ನು ಬೇರೆ ಮಾಡಿ ನುಣುಪು ಮಾಡಿದ. ಗುಡ್ಡವನ್ನು ಬೇರೆ ಮಾಡಿ, ಮರಗಳ ತುದಿ ಕರಗದ ಹಾಗೆ ಮೆಲ್ಲಗೆ ಸೋಸಿದ. ನೀರಿಗೆ ಇನ್ನೊಂದು ಹದ. ಬಣ್ಣದ ಮರಳು ಎಲ್ಲ ಕಡೆಯಿಂದಲೂ ಹೋಯಿತು. ಆಮೇಲೆ ನನ್ನನ್ನು ಬಾಗಿಲಿಗೆ ನಿಲ್ಲಿಸಿದ.

"ಎಡಗಡೆ, ಜೊಂಡಿನ ಪಕ್ಕ, ನೀರಿನ ಅಂಚಲ್ಲಿ ಕೆಂಪಗೆ ಏನೋ ಇದೆಯಲ್ಲೋ" ಎಂದೆ.

ಅವನು ತಿರುಗಿ ಮೊದಲು ನನ್ನ ಮೈ ನೋಡಿದ. "ಕಿತ್ತಳೆ ಸ್ವೆಟರ್ ಹಾಕಿದೀಯಾ?"

"ಇಲ್ಲವಲ್ಲ."

"ಹಾಗಾದ್ರೆ ಬಣ್ಣದ ಮರಳೇ. ಹಠಮಾರಿ, ಹೋಗ್ತಾ ಇಲ್ಲ ನೋಡು." ಪಕ್ಕದ ಜೊಂಡಿನ ಬೂದು ಬಣ್ಣವನ್ನು ಎತ್ತಿ ಅದರ ಮೇಲೆ ಟಕ್ ಟಕ್ ಎಂದು ಒತ್ತಿದ. ಕೆಂಪು ಹೋಯಿತು. "ಈಗ ಚುಚ್ಚುತ್ತಾ?"

ಚುಚ್ಚುತ್ತಿರಲಿಲ್ಲ. ಕೆರೆ ಕನ್ನಡಿಯ ಹಾಗಿತ್ತು. ಮೂಲವನ್ನು ತೆಗೆದು ನೋಡೋಣ ಎಂದು ಅವನಿಗೆ ಅನಿಸಲಿಲ್ಲ. ಅಷ್ಟು ಚೆನ್ನಾಗಿ ಬಂದಿತ್ತು.

ಡ್ರೈವರ್ ಬಂದು ಅಚ್ಚು ಹಾಕಿಸಿಟ್ಟಿದ್ದ ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಬಗ್ಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡಿದರು. ಬಸ್ಸು ಹೊರಡಿಸುವ ಮುಂಚೆ ಟೈರು ನೋಡುವ ಹಾಗೆ. ಎಡಗಡೆ ಬಹಳ ಹೊತ್ತು ನಿಂತರು. "ಚೆನ್ನಾಗಿದೆ ಕಣಯ್ಯ" ಎಂದರು. ಬಾಯಿ ಹೇಳಿತು, ದನಿ ಹೇಳಲಿಲ್ಲ. ನನಗೆ ಹಾಗೆ ಕೇಳಿಸಿತು. ಜರಡಿಗೆ ಮಾತ್ರ ಬಿರುದು ಬಂದಷ್ಟು ಸಂತೋಷ.

ಕೆಲವು ವಾರ ಕಳೆದ ಮೇಲೆ, ಮರೆತು ಬಿಟ್ಟುಹೋಗಿದ್ದ ಕನ್ನಡಕದ ಡಬ್ಬಿ ಕೊಟ್ಟು ಬರೋಣ ಎಂದು ನಾವಿಬ್ಬರೂ ಅವರ ಮನೆಗೆ ಹೋದೆವು. ಮೆಟ್ಟಿಲು ಹತ್ತಿದರೆ ಒಂದೇ ಉದ್ದದ ಕೋಣೆ, ಕೊನೆಯಲ್ಲಿ ಅಡುಗೆಯ ಕಟ್ಟೆ, ಅದರ ಆಚೆ ನೀರಿನ ಮನೆ. ಗೋಡೆಯ ತುಂಬ ಬೆಟ್ಟ, ಸೇತುವೆ, ಕಣಿವೆ. ನಡುವೆ ನಮ್ಮ ಕೆರೆ. ಅದರ ಪಕ್ಕದ ಮೊಳೆಗೆ ದಾರ ಕಟ್ಟಿದ ಒಂದು ಭೂತಗನ್ನಡಿ ನೇತಾಡುತ್ತಿತ್ತು.

ಚಹಾ ಕೊಟ್ಟು ಡ್ರೈವರ್ ಕೂತರು. ನಾನು ಗೋಡೆಯನ್ನೆಲ್ಲ ನೋಡಿ ಕೇಳಿದೆ, "ಇವುಗಳಲ್ಲಿ ಮನೆಯಾಕೆಯದು ಒಂದೂ ಇಲ್ವಲ್ಲಪ್ಪ."

"ಇಲ್ಲಕ್ಕ. ಗುಡ್ಡ ಅಲ್ಲಾಡದೇ ನಿಲ್ಲುತ್ತೆ, ಇವಳು ನಿಲ್ತಿರ್ಲಿಲ್ಲ. ನಾನೂ ಒತ್ತಾಯ ಮಾಡಿದವನಲ್ಲ. ಅವಳು ಬೈಯೋಳು, ಊರಲ್ಲಿರೋ ಕಲ್ಲಿಗೆಲ್ಲಾ ಫೋಟೋ, ಕಟ್ಟಿಕೊಂಡವಳಿಗಿಲ್ಲ ಅಂತ." ಅವರು ಕೆರೆಯ ಕಡೆ ಕೈ ಮಾಡಿದರು. "ಅವತ್ತು ತೆಗೀಬೇಕು ಅಂತಲೇ ಕರ್ಕೊಂಡು ಹೋಗಿದ್ದೆ. ಅಲ್ಲಿಗೆ ಹೋಗೋ ಅಷ್ಟರಲ್ಲಿ ಕತ್ತಲಾಯ್ತು. ನಂದು ಯಾವಾಗ್ಲೂ ಲೇಟು. ಬೆಳಕು ಹೋದ್ಮೇಲೆ ನನ್ನ ಮೂತಿ ಏನು ತೆಗೀತೀರ, ನಿಮ್ಮ ಕೆರೇನೇ ತೆಕ್ಕೊಳ್ಳಿ ಅಂತ ಸಿಟ್ಟು ಮಾಡ್ಕೊಂಡು ನೀರಿನ ಹತ್ರ ಇಳಿದು ಹೋದ್ಲು. ಕೆಂಪು ಸ್ವೆಟರ್ ಹಾಕಿದ್ಲು. ನಾನು ಅವಳು ಹೋದ ಕಡೆಗೇ ಗುಂಡಿ ಒತ್ತಿದೆ. ಕ್ಯಾಮೆರಾ ಬೆನ್ನಿನ ಪರದೇಲಿ ನೋಡಿದ್ರೆ ಈ ಕಣ್ಣಿಗೇನೂ ಕಾಣ್ಲಿಲ್ಲ. ದೊಡ್ಡದು ಮಾಡಿಸಿದ್ರೆ ಎಲ್ಲಾದ್ರೂ ಕಾಣ್ತಾಳೇನೋ ಅಂತಿದ್ದೆ. ದಿನಾ ಸಂಜೆ ಭೂತಗನ್ನಡಿ ಹಿಡಿದು ಹುಡುಕ್ತೀನಿ. ಇಲ್ಲ. ಅಷ್ಟರಲ್ಲಿ ಜೊಂಡಿನ ಹಿಂದೆ ಹೋಗಿಬಿಟ್ಟಿರ್ಬೇಕು. ಅವಳನ್ನ ಹಿಡಿಯೋದ್ರಲ್ಲೂ ಲೇಟ್ ಮಾಡ್ದೆ."

ಆಮೇಲೆ ಜರಡಿಯ ಕಡೆ ತಿರುಗಿ, ಸಮಾಧಾನ ಮಾಡುವವರ ಹಾಗೆ ಹೇಳಿದರು, "ನಿನ್ನ ಕೆಲ್ಸಕ್ಕೆ ಹೆಸರಿಡೋ ಹಾಗಿಲ್ಲ ಬಿಡು. ನಿನ್ನ ಕಣ್ಣು ಏನನ್ನೂ ಬಿಡಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜರಡಿ ತನ್ನ ಬಲಗೈ ಬೆರಳುಗಳನ್ನು ಎಡಗೈಯಿಂದ ಮುಚ್ಚಿಕೊಂಡ. ಲೋಟದ ಚಹಾ ಹಾಗೇ ಉಳಿಯಿತು.

ಆ ಸ್ವೆಟರ್ ನನಗೆ ಗೊತ್ತಿತ್ತು. ಅದರ ಮೊಣಕೈ ಸವೆದಾಗ ಆಕೆ ನನ್ನ ಹತ್ತಿರವೇ ತಂದಿದ್ದಳು. ಅದೇ ಕೆಂಪಿನ ಉಣ್ಣೆ ಹುಡುಕಿ ಎಳೆ ಎಳೆಯಾಗಿ ಕೂರಿಸಿದ್ದೆ. ಬೆರಳಿಗೆ ಗೊತ್ತಿದ್ದ ಬಣ್ಣ ಬಾಗಿಲಲ್ಲಿ ನಿಂತ ಕಣ್ಣಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದವನೇ ಅವನು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತು ಮೂಲ ಚಿತ್ರ ತೆಗೆದ. ಎಡಗಡೆಯ ಜೊಂಡಿನ ಹತ್ತಿರಕ್ಕೆ ಹೋದ. ಅಲ್ಲಿ ಮರಳಿನ ನಡುವೆ ಒಂದು ಹಿಡಿ ಕೆಂಪು ಚುಕ್ಕೆಗಳು ಒತ್ತಾಗಿ, ಒಂದರ ಮೇಲೊಂದು ನಿಂತಿದ್ದವು. ಬೇರೆ ಕಡೆಯ ಕೆಂಪು ಚೆಲ್ಲಿದ ಹಾಗಿತ್ತು. ಇದು ನಿಂತ ಹಾಗಿತ್ತು.

"ನೀನು ಹೇಳ್ದೆ" ಎಂದ. "ನಾನು ನಿನ್ನ ಸ್ವೆಟರ್ ನೋಡ್ದೆ, ಇದನ್ನ ನೋಡ್ಲಿಲ್ಲ."

"ಹೋಗಿ ಹೇಳಪ್ಪ. ಅವರು ತಮ್ಮನ್ನೇ ಬೈಕೊಂಡು ಕೂತಿದಾರೆ."

"ಹೇಳ್ತೀನಿ. ಮೊದ್ಲು ಸರಿ ಮಾಡ್ತೀನಿ."

ಸರಿ ಮಾಡುವುದು ಎಂದರೆ ಏನು ಎಂದು ನನಗೆ ಆಗ ತಿಳಿಯಲಿಲ್ಲ. ಊಟಕ್ಕೆ ಕರೆದರೆ ಅವನು ಬರುತ್ತಿದ್ದ, ತಟ್ಟೆಯಲ್ಲಿ ಗೆರೆ ಎಳೆಯುತ್ತ ಕೂರುತ್ತಿದ್ದ. ಬೀದಿಯಲ್ಲಿ ಡ್ರೈವರ್ ಬರುವುದು ಕಂಡರೆ ಔಷಧಿ ಅಂಗಡಿಯೊಳಗೆ ನುಗ್ಗುತ್ತಿದ್ದ. ಎರಡು ಸಲ ಬೇಡದ ಕೆಮ್ಮಿನ ಔಷಧಿ ತಂದ. ಹಾಲಿನವನು, "ಏನ್ ಜರಡಿ, ನಿನ್ನನ್ನೇ ಯಾರೋ ಸೋಸಿದ ಹಾಗಿದೀಯ" ಎಂದರೂ ನಗಲಿಲ್ಲ. ಮೂಲ ಇದ್ದೇ ಇತ್ತು. ಹೇಳುವುದು ಒಂದೇ ಉಳಿದಿತ್ತು.

ಒಂದು ಮಧ್ಯಾಹ್ನ ನನ್ನನ್ನು ಬಾಗಿಲಿಗೆ ಕರೆದ. "ದೂರದಿಂದ ಹೇಳು."

ತೆರೆಯ ಮೇಲೆ ಅದೇ ಕೆರೆ, ಅದೇ ಕನ್ನಡಿಯಂಥ ನೀರು. ಜೊಂಡಿನ ಪಕ್ಕದಲ್ಲಿ ಈಗ ಕೆಂಪು ಸ್ವೆಟರಿನ ಹೆಂಗಸೊಬ್ಬಳು ನಮ್ಮ ಕಡೆ ಅರ್ಧ ತಿರುಗಿ ನಿಂತಿದ್ದಳು. ಭುಜ, ಕುತ್ತಿಗೆ, ಹಿಂದೆ ಕಟ್ಟಿದ ಕೂದಲು. ಅಚ್ಚುಕಟ್ಟಾಗಿತ್ತು.

"ಯಾರೋ ಇವಳು?"

"ಅವರ ಹೆಂಡತಿ. ಹೊಸ ಹಾಳೆಯಲ್ಲಿ ಅಚ್ಚು ಹಾಕಿಸ್ಕೊಂಡು ಹೋಗ್ತೀನಿ. ಹಳೇದರ ಬಣ್ಣ ಬೇಗ ಹೋಗುತ್ತೆ, ಇದನ್ನ ಹಾಕ್ಕೊಳ್ಳಿ ಅಂತೀನಿ. ಅವರೇ ಹುಡುಕಿ ಕಂಡ್ಕೊಳ್ತಾರೆ. ಹೇಳೋ ಕಷ್ಟ ಯಾರಿಗೂ ಇಲ್ಲ."

ನಾನು ಹತ್ತಿರ ಹೋಗಿ ನೋಡಿದೆ. "ಆ ಮರಳಲ್ಲಿ ಕುತ್ತಿಗೆ ಇತ್ತೇನೋ?"

ಅವನು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡ.

"ಕೂದಲು?"

"ನಾನೇ ಮಾಡ್ದೆ."

"ಆಕೆ ಕೂದಲು ಗಿಡ್ಡಕ್ಕೆ ಕತ್ತರಿಸ್ಕೊಂಡಿದ್ಲು ಕಣೋ. ಕಿವಿಯಿಂದ ಕೆಳಗೆ ಇರ್ಲೇ ಇಲ್ಲ."

ಜರಡಿ ಇಲಿಯ ಮೇಲಿಂದ ಕೈ ತೆಗೆದ. ಕಂಪ್ಯೂಟರಿನ ಇಲಿ. ತೆಗೆದ ಕೈಯನ್ನು ಎಲ್ಲಿಡಬೇಕು ಎಂದು ಗೊತ್ತಾಗದೆ ಬಟ್ಟೆ ಸುತ್ತಿದ ಕುರ್ಚಿಯ ಕೈಯ ಮೇಲಿಟ್ಟ.

"ಕೂದಲು ಗಿಡ್ಡ ಮಾಡ್ಬಹುದು" ಎಂದ ಸಣ್ಣ ದನಿಯಲ್ಲಿ.

"ಮಾಡ್ಬಹುದು. ಆಮೇಲೆ ಮೂಗು ಹೇಗಿತ್ತು ಅಂತ ನನ್ನನ್ನೇ ಕೇಳ್ತೀಯ. ನಾನೂ ಹೇಳ್ತೀನಿ. ಅವರು ಭೂತಗನ್ನಡಿ ಹಿಡಿದು ದಿನಾ ಸಂಜೆ ನಾವಿಬ್ರೂ ಸೇರಿ ಮಾಡಿದ ಬೊಂಬೆ ನೋಡ್ತಾ ಕೂರ್ತಾರೆ."

"ಅವರಿಗೆ ಖುಷಿ ಆಗುತ್ತಲ್ಲ ಚಿಕ್ಕಮ್ಮ."

"ಆಗುತ್ತೆ. ಔಷಧಿ ಅಂಗಡಿಯವನಿಗೂ ಆಗುತ್ತೆ. ನೀನು ಕೆಮ್ಮಿನ ಔಷಧಿ ತರೋದು ನಿಲ್ಸಲ್ಲವಲ್ಲ."

ಅವನಿಗೆ ನಗು ಬರಲಿಲ್ಲ, ಆದರೆ ಉಸಿರು ಬಿಟ್ಟ. ಅಂಜಿಕೆ ಏನೆಂದು ಆಗ ಹೇಳಿದ. ಊರವರ ಬಾಯಿ ಹೇಗೋ ತಡೆದುಕೊಳ್ಳಬಹುದು, ಜರಡಿ ಮನುಷ್ಯರನ್ನೇ ಸೋಸಿಬಿಟ್ಟ ಎಂದು ನಗಲಿ. ಆದರೆ ಆ ಮನುಷ್ಯ ತನ್ನ ಎದುರು ಕೂತು, 'ನನ್ನ ತಪ್ಪು' ಎಂದಾಗ ತಾನು ಚಹಾ ಹಿಡಿದು ಸುಮ್ಮನಿದ್ದೆನಲ್ಲ, ಅದನ್ನು ಹೇಗೆ ಹೇಳುವುದು. ಒರೆಸಿದ್ದು ಕಣ್ಣಿನ ತಪ್ಪು, ಸುಮ್ಮನಿದ್ದದ್ದು ಯಾವುದರ ತಪ್ಪು, ಎಂದ. ಸೂಜಿಗೆ ದಾರ ಪೋಣಿಸಿ ಕೊಡು ಎಂದು ಅವನ ಕೈಗೆ ಕೊಟ್ಟೆ. ಪೋಣಿಸಿ ಕೊಟ್ಟ. ಆಮೇಲೆ ಆ ಹೆಂಗಸನ್ನು ತೆಗೆದುಹಾಕಿದ. ಮೂಲ ಚಿತ್ರಕ್ಕೆ ಏನೂ ಮಾಡದೆ, ಮರಳಿನ ಸಮೇತ, ಅಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಬಂದ.

"ನೀನೂ ಬಾ" ಎಂದ. ಹೋದೆ.

ಡ್ರೈವರ್ ಬಾಗಿಲು ತೆರೆದು, "ಬದುಕಿದೀಯೇನಯ್ಯ? ಬೀದಿಯಲ್ಲಿ ಕಂಡ್ರೆ ಮಾಯ ಆಗ್ತೀಯ" ಎಂದರು.

ಜರಡಿ ಕೂರಲಿಲ್ಲ. ನಿಂತೇ ಹೇಳಿದ. ಕೆಂಪು ಇದ್ದದ್ದು, ಚಿಕ್ಕಮ್ಮ ತೋರಿಸಿದ್ದು, ತಾನು ಮರಳು ಎಂದು ಒರೆಸಿದ್ದು. ಯಾವ ಮಾತನ್ನೂ ನುಣುಪು ಮಾಡಲಿಲ್ಲ. ಆಮೇಲೆ ಸುರುಳಿ ಬಿಡಿಸಿ ಮೇಜಿನ ಮೇಲೆ ಹಾಸಿದ. ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು. ನಾನು ಎರಡು ಮೂಲೆ ಒತ್ತಿ ಹಿಡಿದೆ.

ಡ್ರೈವರ್ ಹಾಳೆಯನ್ನು ನೋಡಲಿಲ್ಲ. ಅವನನ್ನೇ ನೋಡಿದರು. "ನಿಂಗೆ ಗೊತ್ತಾಗಿದ್ದು ಯಾವಾಗ?"

"ಅವತ್ತು ಇಲ್ಲಿಂದ ಹೋದ ಸಂಜೆ."

"ಮತ್ತೆ ಇಷ್ಟು ದಿನ?"

"ಹೆದರಿಕೆ ಅಣ್ಣ. ಇನ್ನೊಂದಿದೆ. ನಿಮಗೆ ಹೇಳ್ದೇನೇ ಕೊಟ್ಟುಬಿಡೋಣ ಅಂತ ಚಿತ್ರದಲ್ಲಿ ಅವರನ್ನ ನಾನೇ ಬರೆದೆ. ಕೆಂಪು ಸ್ವೆಟರ್, ಉದ್ದ ಕೂದಲು. ತಂದಿಲ್ಲ, ಅಳಿಸಿಬಿಟ್ಟೆ. ಆದ್ರೆ ಬರೆದೆ."

ಕೆಳಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದು ಕೇಳಿತು.

"ಅದನ್ನ ತಂದಿದ್ರೆ ನಾನು ನಂಬಿಬಿಡ್ತಿದ್ದೆ ಕಣಯ್ಯ" ಎಂದರು ಡ್ರೈವರ್. "ಕೂದಲು ಉದ್ದ ಇದ್ರೂ ನಂಬ್ತಿದ್ದೆ. ಒರೆಸಿದ್ದಕ್ಕಲ್ಲ, ನಂಗೆ ಸಿಟ್ಟು ಅದಕ್ಕೆ."

"ಹೌದಣ್ಣ."

"ಹೌದು ಅನ್ಬೇಡ ಸುಮ್ನಿರು."

ಅವರು ಹೋಗಿ ಮೊಳೆಯಿಂದ ಭೂತಗನ್ನಡಿ ಬಿಚ್ಚಿದರು. ನನ್ನ ಪಕ್ಕಕ್ಕೆ ಬಂದು ಹಾಳೆಯ ಮೇಲೆ ಬಗ್ಗಿದರು. ಜರಡಿ ಬೆರಳು ತೋರಿಸಲಿಲ್ಲ, ಅವರೇ ಹುಡುಕಿಕೊಂಡರು. ಎಡಗಡೆ, ಜೊಂಡಿನ ಪಕ್ಕ, ನೀರಿನ ಅಂಚು. ಅಲ್ಲಿ ಕನ್ನಡಿ ನಿಂತಿತು.

"ಇದು ಅವಳೇ ಅಂತ ನೀನು ಹೇಳ್ತೀಯಾ?"

"ಹೇಳಕ್ಕಾಗಲ್ಲ. ಕೆಂಪು ಮರಳು ಬೇರೆ ಕಡೆನೂ ಇದೆ. ಇಷ್ಟು ಒತ್ತಾಗಿ ಎಲ್ಲೂ ಇಲ್ಲ. ಅಷ್ಟು ಮಾತ್ರ ಹೇಳ್ಬಹುದು."

ಡ್ರೈವರ್ ಕನ್ನಡಿಯನ್ನು ಸ್ವಲ್ಪ ಎತ್ತಿದರು, ಸ್ವಲ್ಪ ಇಳಿಸಿದರು. ಅವರ ಉಸಿರು ತಾಗಿ ಗಾಜು ಮಂಜಾಯಿತು. ಅಂಗಿಯ ಅಂಚಿನಿಂದ ಒರೆಸಿ ಮತ್ತೆ ನೋಡಿದರು.

"ಬೆನ್ನು ಹಾಕಿ ನಿಂತಿದಾಳೆ" ಎಂದರು. "ಸಿಟ್ಟು ಇಳಿದೇ ಇಲ್ಲ."

ನಾನು ಮೂಲೆಗಳನ್ನು ಇನ್ನಷ್ಟು ಒತ್ತಿ ಹಿಡಿದೆ. ಜರಡಿ ಗೋಡೆಯ ಮೇಲಿನ ನುಣುಪು ಕೆರೆಯನ್ನು ನೋಡುತ್ತ ನಿಂತಿದ್ದ. "ಅದನ್ನ ಇಳಿಸಿಕೊಡ್ಲಾ ಅಣ್ಣ?" ಎಂದು ಕೇಳಿದ.

"ಇರ್ಲಿ. ಇಳಿಸೋದು ಬಿಡೋದು ನಾನು ನೋಡ್ಕೊಳ್ತೀನಿ. ನೀನಿನ್ನು ಯಾವುದಕ್ಕೂ ಕೈ ಹಾಕ್ಬೇಡ." ಅದರಲ್ಲಿ ಕ್ಷಮೆಯಿತ್ತೋ ಇಲ್ಲವೋ ನಾನು ಹೇಳಲಾರೆ. ಜರಡಿ ತಲೆ ತಗ್ಗಿಸಿದ.

ಅಷ್ಟರಲ್ಲಿ ನೀರಿನ ಮನೆಯಲ್ಲಿ ನಲ್ಲಿ ಗೊರ ಗೊರ ಎಂದು ಗಾಳಿ ಉಗುಳಿತು, ಆಮೇಲೆ ಕೆಮ್ಮಿತು.

"ನೀರು ಬಂತು" ಎಂದು ಡ್ರೈವರ್ ಭೂತಗನ್ನಡಿಯನ್ನು ಹಾಳೆಯ ಮೇಲೆ ಭಾರಕ್ಕಿಟ್ಟು ನೆಟ್ಟಗಾದರು. "ಬೇಗ ನಿಂತುಹೋಗುತ್ತೆ. ಅಕ್ಕ, ನೀವು ಕೂತಿರಿ." ಒಳಗೆ ಹೋದವರು ಬಾಗಿಲಿಂದ ತಿರುಗಿ ನೋಡಿದರು. "ಅಲ್ಲೇನು ಕಂಬದ ಹಾಗೆ ನಿಂತಿದೀಯ? ಆ ಡ್ರಮ್ಮು ನನ್ನೊಬ್ಬನ ಕೈಯಲ್ಲಿ ತುಂಬಲ್ಲ."

ಜರಡಿ ತೋಳು ಮಡಚಿಕೊಂಡು ಹೋದ.

ನಾನು ಕೂತಲ್ಲಿಂದಲೇ ಕೇಳುತ್ತಿದ್ದೆ. ಒಂದು ಬಕೆಟ್ಟು ತುಂಬಿ ಡ್ರಮ್ಮಿಗೆ ಬಿತ್ತು, ಇನ್ನೊಂದು ನಲ್ಲಿಯ ಕೆಳಗೆ ಹೋಯಿತು.

"ಅದಲ್ಲ. ನೀಲಿದು ಸೋರುತ್ತೆ, ಅದನ್ನ ಕಡೇಲಿಡು. ಹಾಂ, ಆ ತಂಬಿಗೆ ಕೊಡು."

"ಈ ಕೊಡ?"

"ಮೊದ್ಲು ತೊಳಿ."

ಅವನು ಕೊಡ ತೊಳೆದ ಸದ್ದು ಕೇಳಿತು. ಆಮೇಲೆ ಅದು ತುಂಬತೊಡಗಿತು.